ಹನ್ನೆರಡು ಫರ್ಸಿ ಸುಟ್ಟ ಮಳೆಗಾಲ

ಮೊನ್ನೆ ವಾಡಿ ಜಂಕ್ಷನ್ನಿನಲ್ಲಿ ಗಾಡಿಗೆ ಕಾಯುತ್ತ ಕುಳಿತಿದ್ದೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನೆಲದ ರಿಪೇರಿ ನಡೆದಿತ್ತು. ಒಬ್ಬ ಕೆಲಸಗಾರ ಕೈಮಿಷನ್ ಹಿಡಿದು ಫರ್ಸಿ ಕೊಯ್ಯುತ್ತಿದ್ದ, ನೀರು ಹಾಕಿರಲಿಲ್ಲ. ಫರ್ಸಿ ಎಂದರೆ ನಮ್ಮ ಶಹಾಬಾದಿನ ಹಾಸುಗಲ್ಲು. ನೀರಿಲ್ಲದೆ ಉಜ್ಜಿದರೆ ಅದು ಒಂದು ಬಗೆಯ ವಾಸನೆ ಬಿಡುತ್ತದೆ. ಸುಣ್ಣದ ಭಟ್ಟಿಯ ಹತ್ತಿರ ಹೋದಾಗ ಮೂಗಿನ ಮೇಲ್ಭಾಗದಲ್ಲಿ ಹಿಡಿದುಕೊಳ್ಳುತ್ತದಲ್ಲ, ಅಂಥದು. ನನಗೆ ಕುಳಿತಿರಲು ಆಗಲಿಲ್ಲ. ಎದ್ದು ಹೋಗಿ ನನ್ನ ಬಾಟಲಿಯ ನೀರನ್ನು ಆ ಕಲ್ಲಿನ ಮೇಲೆ ಸುರಿದೆ.

“ಯಾಕ್ರೀ ಅಜ್ಜ, ನೀರಡಕಿ ಆಗಿದ್ದು ನಿಮಗೋ, ಕಲ್ಲಿಗೋ?” ಎಂದು ಅವನು ನಕ್ಕ.

“ಇಬ್ಬರಿಗೂ,” ಎಂದು ನಾನೂ ನಕ್ಕು ಬಂದೆ. ಆದರೆ ಗಾಡಿ ಹತ್ತಿದ ಮೇಲೂ ಆ ವಾಸನೆ ಹೋಗಲಿಲ್ಲ. ಏಳೆಂಟು ವರ್ಷದ ಹಿಂದಿನ ಒಂದು ಮಳೆಗಾಲ ಎದುರಿನ ಸೀಟಿನಲ್ಲಿ ಬಂದು ಕುಳಿತಂತಾಯಿತು. ಆ ಮಳೆಗಾಲದ ಬಗ್ಗೆ ನನ್ನನ್ನು ಹೊಗಳುವವರು ಇದ್ದಾರೆ. ಹೊಗಳಿಕೆ ಕೇಳಿ ನಾನು ಹಿಗ್ಗಿದ್ದೂ ಉಂಟು. ಹಿಗ್ಗುವುದಕ್ಕೆ ನನಗೆ ಹಕ್ಕಿದೆ ಎಂದೇ ಇಂದಿಗೂ ತಿಳಿದಿದ್ದೇನೆ. ಆದರೆ ಅದರ ಬುಡದಲ್ಲಿ ನಾನು ಮಾಡಿದ ಒಂದು ಕೆಟ್ಟ ಕೆಲಸವಿದೆ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಹೇಳಿದಂತಾಗುವುದಿಲ್ಲ.

ನನ್ನ ಹೆಸರು ಭೀಮರಾಯ. ಊರು ಚಿತ್ತಾಪುರ ತಾಲೂಕಿನ ಸನ್ನತಿ, ಭೀಮಾ ನದಿಯ ದಂಡೆ. ಹೈಸ್ಕೂಲು ಮುಗಿಸಿದ್ದು ಚಿತ್ತಾಪುರದಲ್ಲಿ. ಗಣಿತದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಓದು ಅಲ್ಲಿಗೆ ನಿಂತರೂ ಆ ಅಂಕಗಳ ಗರ್ವ ನಿಲ್ಲಲಿಲ್ಲ. ವಯಸ್ಸಿನಲ್ಲಿ ಭಂಕೂರದ ಸುತ್ತಿನ ಖಣಿಗಳಲ್ಲಿ ಕಲ್ಲು ತೆಗೆದೆ. ಆಮೇಲೆ ಶಹಾಬಾದಿನ ಹೊರಗಿನ ಒಂದು ಪಾಲಿಶ್ ಕಾರ್ಖಾನೆ ಸೇರಿ ಅಲ್ಲೇ ಮುದುಕನಾದೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಶೆಡ್ಡು, ಎರಡು ಕೊಯ್ಯುವ ಮಿಷನ್, ಒಂದು ಪಾಲಿಶ್ ಮಿಷನ್, ಹಿಂದೆ ದಿಬ್ಬದ ಮೇಲೆ ನೀರಿನ ಟಾಕಿ.

ಪಾಲಿಶ್ ಮಿಷನ್ನು ಮಾಣಿಕಪ್ಪನದು. ಮಾಲೀಕ ಸಾಹುಕಾರರಾದರೂ ಎಲ್ಲರೂ ಅದನ್ನು ಮಾಣಿಕಪ್ಪನ ಮಿಷನ್ ಎಂದೇ ಅನ್ನುತ್ತಿದ್ದರು. ಅವನು ಚಿಂಚೋಳಿ ಕಡೆಯ ಕೊಡ್ಲಿಯವನು, ನನಗಿಂತ ಐದಾರು ವರ್ಷ ಚಿಕ್ಕವನು, ಮಾತು ಕಡಿಮೆ. ಒದ್ದೆ ಕಲ್ಲಿನ ಮೇಲೆ ಅಂಗೈ ಎಳೆದು, ಇನ್ನು ಎಷ್ಟು ಸಲ ತಿಕ್ಕಿದರೆ ಮುಖ ಕಾಣುತ್ತದೆ ಎಂದು ಹೇಳುತ್ತಿದ್ದ. ಅವನ ಲೆಕ್ಕ ತಪ್ಪಿದ್ದು ನಾನು ನೋಡಿರಲಿಲ್ಲ.

ಆ ವರ್ಷ ಬೇಸಿಗೆ ಮುಗಿಯುವಾಗ ವಸುಧಾಬಾಯಿಯವರು ಬಂದರು. ಸೇಡಂನ ಮಾಸ್ತರರ ಮನೆತನದ ಹೆಣ್ಣುಮಗಳು. ಅಲ್ಲಿಯೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ವಿದ್ಯಾರ್ಥಿಗಳ ಜೊತೆ ಸೇರಿ ಒಂದು ಡಬ್ಬಿ ಮಾಡಿದ್ದರು. ಪಾಲಿಶ್ ಮಿಷನ್ನಿಗೆ ಅದನ್ನು ಜೋಡಿಸಿದರೆ ತಿಕ್ಕುವ ತಲೆಯನ್ನು ಅದೇ ಏರಿಸಿ ಇಳಿಸಿ, ಆಚೆ ಈಚೆ ಓಡಿಸುತ್ತಿತ್ತು. ಯಾವಾಗ ಏನು ಮಾಡಬೇಕೆಂದು ನಾವು ಸಾಲು ಸಾಲಾಗಿ ಬರೆದುಕೊಡಬೇಕು. ಆ ಸಾಲುಗಳನ್ನು ಅವರು ಕನ್ನಡದಲ್ಲಿಯೇ ಇಟ್ಟಿದ್ದರು. ಮಿಷನ್ ನಡೆಸುವವನೇ ಬರೆಯಲಿ, ಇಂಜಿನಿಯರನ ದಾರಿ ಕಾಯುವುದು ಬೇಡ ಎಂಬುದು ಅವರ ಹಟ. ಬರೆದದ್ದನ್ನು ಓದಿ ಡಬ್ಬಿಗೆ ತಿಳಿಯುವ ಹಾಗೆ ಬದಲಿಸಿಕೊಡುವುದಕ್ಕೆ ಕಂಪೈಲರ್ ಅನ್ನುತ್ತಾರೆ. ಅದನ್ನೂ ಅವರೇ ಬರೆದಿದ್ದರು. ಎಲ್ಲ ಸರಿಯಿದ್ದರೆ ಹಸಿರು ದೀಪ ಹತ್ತುತ್ತಿತ್ತು.

ಸಾಹುಕಾರರು ಕೇಳಿದರು, “ಇದನ್ನ ಕಲಿಯವ್ರು ಯಾರು?”

ನಾನು ಕೈ ಎತ್ತಿದೆ. ಅರವತ್ತರ ಹತ್ತಿರ ಬಂದ ಕೈ ಅದು. ಕಲ್ಲು ತೊಳೆಯುವ ನಿಂಗಮ್ಮ ಬಕೀಟು ಕೆಳಗಿಟ್ಟು, “ನೋಡ್ರೆವ್ವಾ, ಭೀಮಣ್ಣ ಸಾಲಿಗಿ ಹೊಂಟ! ಪಾಟಿ ನಾ ತರ್ತೀನಿ,” ಎಂದಳು. ಶೆಡ್ಡೆಲ್ಲ ನಕ್ಕಿತು. ಒಂದು ತಿಂಗಳಲ್ಲಿ ನಾನು ಬರೆದ ಸಾಲುಗಳ ಮೇಲೆ ಮಿಷನ್ ನಡೆಯತೊಡಗಿದಾಗ ಆ ನಗು ನಿಂತಿತು. ಆ ತಿಂಗಳಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ ಎಂದು ಬರೆದರೆ ಮನೆಯಲ್ಲಿ ಜಗಳವಾದೀತು, ಆದರೂ ಬರೆಯುತ್ತೇನೆ.

ಇಲ್ಲಿ ಸ್ವಲ್ಪ ವಿವರಿಸಬೇಕು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳ ಗುಂಪಿಗೆ ಆ ಭಾಷೆಯಲ್ಲಿ ಸುತ್ತು ಎಂದು ಹೆಸರು. ‘ಸುತ್ತು’ ಎಂದು ಶುರುಮಾಡಿ ‘ಮುಗಿ’ ಎಂದು ಮುಚ್ಚಬೇಕು. ನಮ್ಮದರಲ್ಲಿ ಎರಡು ಸುತ್ತುಗಳಿದ್ದವು, ಒಂದರೊಳಗೆ ಒಂದು. ಹೊರಗಿನದು ಕಲ್ಲುಗಳ ಸುತ್ತು. ಮೇಜಿನ ಮೇಲೆ ಹನ್ನೆರಡು ಫರ್ಸಿ, ಒಂದಾದ ಮೇಲೊಂದು. ಒಳಗಿನದು ತಿಕ್ಕುವ ಸುತ್ತು. ಒಂದೊಂದು ಕಲ್ಲಿಗೆ ನಲವತ್ತು ಸಲ ತಲೆ ಆಚೆ ಈಚೆ ಹೋಗಬೇಕು. ನಡುವೆಯೇ ಸುತ್ತನ್ನು ಬಿಟ್ಟು ಬರಬೇಕಾದರೆ ‘ಹೊರಗೆ ಬಾ’ ಎಂಬ ಸಾಲು. ತಿಕ್ಕುವ ಸುತ್ತಿನ ಒಳಗೆ ವಸುಧಾಬಾಯಿಯವರು ಮೊದಲ ದಿನವೇ ಒಂದು ಸಾಲು ಬರೆಸಿದ್ದರು: ನೀರು ಇಲ್ಲದಿದ್ದರೆ ಹೊರಗೆ ಬಾ. ನೀರು ನಿಂತ ಕೂಡಲೇ ತಲೆ ಮೇಲಕ್ಕೆ ಏಳುತ್ತಿತ್ತು. ಕಲ್ಲು ಉಳಿಯುತ್ತಿತ್ತು.

ಮಳೆ ಹಿಡಿಯಿತು. ಟಾಕಿಗೆ ಬರುವ ಖಣಿಯ ನೀರು ಕೆಂಪಾಗಿ, ಅದನ್ನು ಸೋಸುವ ಜಾಳಿಗೆಯಲ್ಲಿ ರಾಡಿ ಕಟ್ಟತೊಡಗಿತು. ನೀರು ಕ್ಷಣ ಸಣ್ಣಗಾಗಿ ಮತ್ತೆ ಬರುತ್ತಿತ್ತು. ಡಬ್ಬಿ ಅಷ್ಟಕ್ಕೇ ತಲೆ ಎತ್ತಿಬಿಡುತ್ತಿತ್ತು. ದಿನಕ್ಕೆ ಹತ್ತು ಸಲ ನಿಲ್ಲುವುದು, ಹತ್ತು ಸಲ ಶುರು ಮಾಡುವುದು. ಚಿಂಚೋಳಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಊಟದ ಕೋಣೆಗೆ ನೆಲದ ಕಲ್ಲು ಹೋಗಬೇಕಿತ್ತು. ಖಣಿಯ ಕೆಳಗಿನ ಪದರದ ನೀಲಿ ಕಲ್ಲು. ಮಾಣಿಕಪ್ಪ ತಾನೇ ಖಣಿಗೆ ಹೋಗಿ ಒಂದೊಂದನ್ನೂ ಬಡಿದು ನೋಡಿ ಆರಿಸಿ ತಂದಿದ್ದ.

ನನಗೊಂದು ಯುಕ್ತಿ ಹೊಳೆಯಿತು. ನೀರನ್ನು ಪ್ರತಿ ಸಲ ನೋಡುವುದೇಕೆ, ಕಲ್ಲಿಗೊಮ್ಮೆ ನೋಡಿದರೆ ಸಾಕಲ್ಲ? ಆ ಸಾಲನ್ನು ತಿಕ್ಕುವ ಸುತ್ತಿನಿಂದ ತೆಗೆದು ಕಲ್ಲಿನ ಸುತ್ತಿಗೆ ಹಾಕಿದರಾಯಿತು. ವಸುಧಾಬಾಯಿ ಶನಿವಾರ ಬರುತ್ತಾರೆ, ಕೇಳೋಣ ಅನಿಸಲಿಲ್ಲ. ಬಂದಾಗ ತೋರಿಸಿ ಬೆನ್ನು ತಟ್ಟಿಸಿಕೊಳ್ಳೋಣ ಅನಿಸಿತು. ಮಂಗಳವಾರ ಬೆಳಿಗ್ಗೆ ಯಾರಿಗೂ ಹೇಳದೆ ಸಾಲನ್ನು ಎತ್ತಿ ಕೆಳಗೆ ಹಾಕಿದೆ. ಡಬ್ಬಿಯ ಪರದೆ ಅಂಗೈಯಷ್ಟು. ಒಮ್ಮೆಗೆ ಎಂಟು ಸಾಲು ಮಾತ್ರ ಕಾಣುತ್ತಿತ್ತು. ನಾನು ಒಂದು ‘ಮುಗಿ’ಯ ಕೆಳಗೆ ಹಾಕುವ ಬದಲು ಎರಡೂ ‘ಮುಗಿ’ಗಳ ಕೆಳಗೆ ಹಾಕಿದ್ದೆ. ಎಲ್ಲ ಸುತ್ತುಗಳೂ ಮುಗಿದ ಮೇಲೆ ‘ಹೊರಗೆ ಬಾ’ ಎಂದು ನಿಂತಿತ್ತು ಆ ಸಾಲು. ಯಾವುದರಿಂದ ಹೊರಗೆ ಬರಬೇಕು? ಕಂಪೈಲರ್ ಅದನ್ನು ಕೇಳಲಿಲ್ಲ. ಅರ್ಥವಾಗದ ಸಾಲನ್ನು ಸುಮ್ಮನೆ ಬಿಟ್ಟು, ಉಳಿದದ್ದನ್ನು ಬದಲಿಸಿಕೊಟ್ಟಿತು. ಹಸಿರು ದೀಪ ಹತ್ತಿತು.

ಮಧ್ಯಾಹ್ನ ಜೋರು ಮಳೆ. ಮಾಣಿಕಪ್ಪ ಗೋಣಿಚೀಲ ತಲೆಗೆ ಹಾಕಿಕೊಂಡು ನನ್ನ ಹತ್ತಿರ ಬಂದ.

“ಭೀಮಣ್ಣ, ನೀರ ಸಣ್ಣಗ ಬರ್ಲಿಕತ್ತದ. ಟಾಕಿ ಜಾಳಿಗಿ ಕಟ್ಟಿರಬೇಕು, ತೆಗದು ಬರ್ತೀನಿ. ನೀರ ನಿಂತ್ರ ಡಬ್ಬಿ ತಾನೇ ನಿಲ್ಲಸ್ತದಲ್ಲ?”

“ಹೋಗಿ ಬಾ. ನಾ ಬರದೀನಿ, ನಿಲ್ಲಲಾರದ ಎಲ್ಲಿ ಹೋಗ್ತದ?” ಎಂದೆ. ಹೇಳಿ ಆಫೀಸಿನ ಕಡೆ ಚಹಾ ಕುಡಿಯಲು ಹೋದೆ.

ತಗಡಿನ ಮೇಲೆ ಮಳೆ ಎಷ್ಟು ಹೊಡೆಯುತ್ತಿತ್ತೆಂದರೆ ಮಿಷನ್ನಿನ ದನಿ ಬದಲಾದದ್ದು ಯಾರಿಗೂ ಕೇಳಿಸಲಿಲ್ಲ. ಮೊದಲು ಬಂದದ್ದು ವಾಸನೆ. ನಿಂಗಮ್ಮ ಕೂಗಿದಳು. ಮಾಣಿಕಪ್ಪ ದಿಬ್ಬದಿಂದ ರಾಡಿಯಲ್ಲಿ ಜಾರುತ್ತ ಓಡಿ ಬಂದು, ಯಾವ ಕಡೆಗಿದೆ ಎಂದೂ ನೋಡದೆ ಸ್ವಿಚ್ಚನ್ನು ಕೈಯ ಕಡೆಗೆ ಒತ್ತಿ ತಿಕ್ಕುವ ತಲೆಯನ್ನು ಎತ್ತಿದ. ಆ ಸ್ವಿಚ್ಚು ಕೈಯ ಕಡೆಗಿದ್ದರೆ ಡಬ್ಬಿಯ ಮಾತು ನಡೆಯುತ್ತಿರಲಿಲ್ಲ, ಮನುಷ್ಯನೇ ನಿಲ್ಲಿಸುವವರೆಗೆ ತಲೆ ಮೇಜಿನ ಮೇಲೆ ಓಡುತ್ತಲೇ ಇರುತ್ತಿತ್ತು. ನಾನು ಆಫೀಸಿನಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಹನ್ನೆರಡು ನೀಲಿ ಫರ್ಸಿಯ ಮೇಲೂ ಕಂದು ಗೀರು. ಕೆಲವು ನಡುವೆ ಬಿರಿದಿದ್ದವು.

ಎಲ್ಲರೂ ಸಾಹುಕಾರರನ್ನು ಕರೆಯಲು ಹೋದಾಗ ನಾನು ಡಬ್ಬಿಯ ಮುಂದೆ ಒಬ್ಬನೇ ಉಳಿದೆ. ಸಾಲುಗಳನ್ನು ಮೇಲೆ ಕೆಳಗೆ ಸರಿಸಿ ನೋಡಿದೆ. ತಪ್ಪು ಕಂಡಿತು. ಆ ಸಾಲನ್ನು ಮೊದಲಿದ್ದ ಜಾಗಕ್ಕೆ, ತಿಕ್ಕುವ ಸುತ್ತಿನ ಒಳಗೆ, ತಿರುಗಿ ಹಾಕಿದೆ. ಹಸಿರು ದೀಪ ಹತ್ತಿತು. ಏನೂ ಆಗಿರಲಿಲ್ಲ ಎಂಬಂತೆ ಆಯಿತು.

ಸಾಹುಕಾರರು ಬಂದು ನೋಡಿದರು. ಕೂಗಾಡಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. “ಮಾಣಿಕ, ಮಿಷನ್ ಬಿಟ್ಟು ಹೋಗಿದ್ದಿ?” ಎಂದರು.

“ಹೋಗಿದ್ದೆರಿ. ಜಾಳಿಗಿ ತೆಗಿಲಿಕ್ಕ.”

“ಯಾರನ್ನರೆ ನಿಲ್ಲಿಸಿ ಹೋಗಿದ್ದೇನು?”

ಮಾಣಿಕಪ್ಪ ನನ್ನ ಕಡೆ ಒಂದು ಸಲ ನೋಡಿದ. ನಾನು ಬಿರಿದ ಕಲ್ಲನ್ನು ನೋಡುತ್ತಿದ್ದೆ. “ಇಲ್ರಿ. ಮಿಷನ್ ನಂದದ, ತಪ್ಪೂ ನಂದೇ,” ಎಂದ. ಮರುದಿನದಿಂದ ಅವನನ್ನು ಲಾರಿ ತುಂಬುವ ಕೆಲಸಕ್ಕೆ ಹಾಕಿದರು. ಅವನ ಮಿಷನ್ ನನಗೆ ಬಂತು.

ಅದಾದ ಎರಡು ದಿನಕ್ಕೆ ಅವನೊಬ್ಬನೇ ನನ್ನ ಹತ್ತಿರ ಬಂದ. ಜಗಳಕ್ಕಲ್ಲ. ನಿಜವಾಗಿ ತಿಳಿದುಕೊಳ್ಳಲು ಬಂದಿದ್ದ.

“ಭೀಮಣ್ಣ, ನೀ ಹೇಳಿದ್ದಿ ನಿಲ್ತದ ಅಂತ. ಯಾಕ ನಿಲ್ಲಲಿಲ್ಲ?”

ಅಲ್ಲಿ ನಾನು ಹೇಳಬಹುದಿತ್ತು. ನಾವಿಬ್ಬರೇ ಇದ್ದೆವು. ನಾನು ಹೇಳಿದ್ದು ಇದು: “ಹೋಗೋ ಮುಂದ ನೀ ಸ್ವಿಚ್ ಕೈ ಕಡಿಗಿ ತಿರುವಿದ್ದೇನೋ. ನೆನಪ ಮಾಡ್ಕೋ.”

“ತಿರುವಿದ್ದೆನಾ?” ಎಂದ. ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡ. ಆ ಕೈಯನ್ನೇ ಕೇಳುತ್ತಿದ್ದ. “ತಿರುವಿರಬೇಕು,” ಎಂದು ಹೊರಟುಹೋದ.

ನನ್ನ ತಪ್ಪು ಸಾಲಿನಿಂದ ಹನ್ನೆರಡು ಕಲ್ಲು ಹೋದವು. ಈ ಒಂದು ಮಾತಿನಿಂದ ಹೋದದ್ದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಶನಿವಾರ ವಸುಧಾಬಾಯಿ ಬಂದರು. ನೀರಿನ ನಲ್ಲಿ ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿದರು. ಪ್ರತಿ ಸಲವೂ ಡಬ್ಬಿ ನಿಲ್ಲಿಸಿತು. ನಾನು ಪಕ್ಕದಲ್ಲಿ ನಿಂತು “ಹೌದ್ರಿ, ಹೌದ್ರಿ” ಎನ್ನುತ್ತಿದ್ದೆ. ಮುಂದಿನ ಶನಿವಾರವೂ ಬಂದರು, ಅದರ ಮುಂದಿನದೂ. ಮಳೆಯಲ್ಲಿ ಸೇಡಂನಿಂದ ಬಸ್ಸು ಹಿಡಿದು, ಒದ್ದೆ ಸೀರೆಯ ಅಂಚು ಹಿಂಡಿಕೊಂಡು ಡಬ್ಬಿಯ ಮುಂದೆ ಕೂರುತ್ತಿದ್ದರು. “ಕಾರಣ ಇಲ್ಲದ ತಪ್ಪು ಇರಂಗಿಲ್ಲ ಕಾಕಾ,” ಎನ್ನುತ್ತಿದ್ದರು. ಅವರು ನನ್ನನ್ನು ಕಾಕಾ, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಿದ್ದರು.

ಹೀಗೆ ಮೂರು ವಾರ. ನಾನು ಮಾಣಿಕಪ್ಪನ ಮಿಷನ್ ನಡೆಸುತ್ತಿದ್ದೆ; ಅವನು ಲಾರಿಗೆ ಕಲ್ಲು ಏರಿಸುತ್ತಿದ್ದ. ಒಂದು ದಿನ ಲಾರಿಯ ಹಗ್ಗ ಕಟ್ಟಿ ಮುಗಿಸಿದವನು ನನ್ನನ್ನು ಕರೆದ. “ಭೀಮಣ್ಣ, ಒಂದು ಘಳಿಗಿ ಬಾ. ಈ ಗಂಟು ಬಿಗಿ ಆಗ್ಯಾದಿಲ್ಲ ನೋಡು. ನನಗ ಖಾತ್ರಿ ಆಗವಲ್ತು.” ಗಂಟು ಕಬ್ಬಿಣದ ಹಾಗಿತ್ತು. ಅವನು ಅದನ್ನು ಮೂರು ಸಲ ಬಿಚ್ಚಿ ಕಟ್ಟಿದ್ದನೆಂದು ಡ್ರೈವರ್ ಹೇಳಿ ನಕ್ಕ. ನನಗೆ ನಗು ಬರಲಿಲ್ಲ. ಕಲ್ಲಿನ ಮೇಲೆ ಅಂಗೈ ಇಟ್ಟು ಲೆಕ್ಕ ಹೇಳುತ್ತಿದ್ದ ಮನುಷ್ಯ ತನ್ನ ಗಂಟನ್ನು ತಾನೇ ನಂಬದ ಹಾಗೆ ನಾನು ಮಾಡಿದ್ದೆ.

ಆ ಶನಿವಾರ ವಸುಧಾಬಾಯಿ ಬಂದು ಸಾಹುಕಾರರಿಗೆ ಹೇಳಿದರು, “ಕಾರಣ ಸಿಗಲಿಲ್ರಿ. ಕಾರಣ ತಿಳಿಲಾರದ ಡಬ್ಬಿ ಇಲ್ಲಿ ಇಡೋದು ಬ್ಯಾಡ. ತಗೊಂಡು ಹೋಗ್ತೀನಿ.” ತಂತಿಗಳನ್ನು ಬಿಚ್ಚಲು ಕೈ ಹಾಕಿದರು. ಎಲ್ಲರೂ ಸುತ್ತ ನಿಂತಿದ್ದರು. ಮಾಣಿಕಪ್ಪ ಬಾಗಿಲ ಹತ್ತಿರ, ಒದ್ದೆ ಹಗ್ಗ ಹೆಗಲ ಮೇಲೆ ಹಾಕಿಕೊಂಡು.

“ಬಿಚ್ಚಬ್ಯಾಡ್ರಿ ಬಾಯಿಯವರೆ,” ಎಂದೆ. “ಕಾರಣ ನಾನದೀನಿ.”

ಎಲ್ಲವನ್ನೂ ಹೇಳಿದೆ. ಮಂಗಳವಾರ ಬೆಳಿಗ್ಗೆ ಸಾಲು ಎತ್ತಿ ಹಾಕಿದ್ದು, ಮಾಣಿಕಪ್ಪ ಕೇಳಿದಾಗ ಹೋಗಿ ಬಾ ಎಂದದ್ದು, ಆಮೇಲೆ ಯಾರಿಗೂ ತಿಳಿಯದಂತೆ ಸಾಲನ್ನು ತಿರುಗಿ ಹಾಕಿದ್ದು, ಸ್ವಿಚ್ಚಿನ ಸುಳ್ಳು. ನಿಂಗಮ್ಮ, “ಥೂ ನಿನ್ನ ಸಾಲಿಗಿಷ್ಟು!” ಎಂದಳು. ಸಾಹುಕಾರರು ನನ್ನನ್ನು ನೋಡದೆ ಮಾಣಿಕಪ್ಪನನ್ನು ನೋಡುತ್ತಿದ್ದರು. ಮಾಣಿಕಪ್ಪ ಹಗ್ಗವನ್ನು ಕೆಳಗಿಟ್ಟ.

“ಹಂಗಾದ್ರ ನಾ ಸ್ವಿಚ್ಚಿಗಿ ಕೈ ಹಚ್ಚಿದ್ದಿಲ್ಲ?”

“ಇಲ್ಲ.”

“ಹೋಗೋ ಮುಂದ?”

“ಇಲ್ಲೋ ಮಾಣಿಕ. ನೀ ಹಚ್ಚೇ ಇಲ್ಲ.”

ಅವನು ನನಗೆ ಒಂದೂ ಬೈಗುಳ ಬೈಯಲಿಲ್ಲ. ಹೊರಗೆ ಹೋಗಿ ಟಾಕಿಯ ಕೆಳಗೆ ನಿಂತು ಬಹಳ ಹೊತ್ತು ಮುಖ ತೊಳೆದುಕೊಂಡ.

ವಸುಧಾಬಾಯಿ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ಡಬ್ಬಿಯ ಮುಂದೆ ಕೂರಿಸಿ, “ಅದೇ ತಪ್ಪು ಮತ್ತೊಮ್ಮೆ ಮಾಡ್ರಿ ಕಾಕಾ. ಹ್ಯಾಂಗ ಮಾಡಿದ್ರಿ ಹಂಗೇ,” ಎಂದರು. ಮಾಡಿದೆ. ಸಾಲು ಎರಡು ‘ಮುಗಿ’ಗಳ ಕೆಳಗೆ ಹೋಗಿ ನಿಂತಿತು. ಹಸಿರು ದೀಪ ಹತ್ತಿತು. ಅದನ್ನು ನೋಡಿ ಅವರ ಮುಖ ಇಳಿಯಿತು. “ನೀವು ಮುಚ್ಚಿಟ್ಟಿದ್ದು ನಿಮ್ಮ ತಪ್ಪು. ಆದ್ರ ಈ ದೀಪ ಹತ್ತಿದ್ದು ನಂದು. ಇದು ಹತ್ತಬಾರದಿತ್ತು,” ಎಂದರು.

ನನ್ನನ್ನು ಕೆಲಸದಿಂದ ತೆಗೆಯಬೇಕೆಂದು ಸಾಹುಕಾರರು ನಿರ್ಧರಿಸಿದ್ದರು. ತಡೆದದ್ದು ಮಾಣಿಕಪ್ಪ. “ಅವ ಹೋದ್ರ ಈ ತಪ್ಪು ಯಾರಿಗಿ ಗೊತ್ತದರಿ? ಇರ್ಲಿ. ಲಾರಿ ತುಂಬ್ಲಿ,” ಎಂದ. ಹಾಗೆ ಅವನ ಮಿಷನ್ ಅವನಿಗೆ ಹೋಯಿತು, ಹಗ್ಗ ನನಗೆ ಬಂತು. ಶನಿವಾರ ಮಾತ್ರ ನಾವು ಮೂವರೂ ಡಬ್ಬಿಯ ಮುಂದೆ ಕೂರಬೇಕೆಂದು ವಸುಧಾಬಾಯಿ ಅಪ್ಪಣೆ ಮಾಡಿದರು.

ಪ್ರಶ್ನೆ ಇಷ್ಟೇ. ‘ಹೊರಗೆ ಬಾ’ ಎಂಬ ಸಾಲು ತಪ್ಪು ಜಾಗದಲ್ಲಿದ್ದರೆ ಅದು ಮಿಷನ್ ಓಡುವಾಗ ಗೊತ್ತಾಗಬಾರದು. ಓಡುವ ಮೊದಲೇ, ಕಂಪೈಲರ್ ಓದುವಾಗಲೇ ಗೊತ್ತಾಗಬೇಕು. ಸಾಲುಗಳನ್ನು ಒಂದೊಂದಾಗಿ ಓದುತ್ತ ಬರುವ ಕಂಪೈಲರಿಗೆ ತಾನು ಈಗ ಯಾವ ಸುತ್ತಿನ ಒಳಗಿದ್ದೇನೆ ಎಂದು ತಿಳಿಯುತ್ತಿರಬೇಕು. ಇದನ್ನು ಹೇಳಿಕೊಡಲು ವಸುಧಾಬಾಯಿ ಸೀಮೆಸುಣ್ಣದಿಂದ ನೆಲದ ಮೇಲೆ ಚೌಕದೊಳಗೆ ಚೌಕ ಬರೆದರು. ಮಾಣಿಕಪ್ಪ ನೋಡುತ್ತ ನೋಡುತ್ತ, “ಇದು ದಂಡಿಕಲ್ಲ ಅಲ್ಲೇನು?” ಎಂದ.

ಮಾಣಿಕಪ್ಪನೂ ವಯಸ್ಸಿನಲ್ಲಿ ನನ್ನ ಹಾಗೆ ಭಂಕೂರದ ಖಣಿಯಲ್ಲಿ ದುಡಿದವನು. ಅಲ್ಲಿ ಒಂದು ಪದ್ಧತಿ ಇತ್ತು. ಖಣಿಗೆ ಇಳಿಯುವವನು ಇಳಿಯುವ ಮೊದಲು ತನ್ನ ಗುರುತಿನ ಒಂದು ಕಲ್ಲನ್ನು ದಂಡೆಯ ಮೇಲೆ ಇಡಬೇಕು. ಅಲ್ಲಿಂದ ಇನ್ನೊಂದು ಮೆಟ್ಟು ಕೆಳಗೆ ಇಳಿದರೆ ಆ ಮೆಟ್ಟಿನ ಅಂಚಿಗೂ ಒಂದು. ಮೇಲೆ ಬರುವಾಗ ಕೊನೆಗೆ ಇಟ್ಟದ್ದನ್ನು ಮೊದಲು ಎತ್ತಿಕೊಂಡು ಬರಬೇಕು. ಮೇಲಿನ ಮಣ್ಣು ಹಾರಿಸಲು ಮದ್ದು ಹಾಕುವಾಗ ಮೇಸ್ತ್ರಿ ಖಣಿಯೊಳಗೆ ಬಗ್ಗಿ ಕೂಗುತ್ತಿರಲಿಲ್ಲ. ದಂಡೆಯ ಕಲ್ಲುಗಳನ್ನು ನೋಡುತ್ತಿದ್ದ. ಒಂದು ಕಲ್ಲು ಉಳಿದಿದ್ದರೂ ಬತ್ತಿಗೆ ಬೆಂಕಿ ಇಲ್ಲ.

ವಸುಧಾಬಾಯಿ ಸೀಮೆಸುಣ್ಣ ಕೆಳಗಿಟ್ಟು, “ಮತ್ತೊಮ್ಮೆ ಹೇಳ್ರಿ,” ಎಂದರು. ನಾವಿಬ್ಬರೂ ಒಬ್ಬರ ಮಾತನ್ನು ಒಬ್ಬರು ಕಿತ್ತುಕೊಂಡು ಹೇಳಿದೆವು. ಕಲ್ಲು ಸುಟ್ಟ ದಿನದ ನಂತರ ಅವನು ನನ್ನ ಜೊತೆ ಹಾಗೆ ಮಾತಾಡಿದ್ದು ಅದೇ ಮೊದಲು.

ಕಂಪೈಲರಿಗೆ ಅದನ್ನೇ ಕಲಿಸಿದರು. ‘ಸುತ್ತು’ ಎಂದು ಓದಿದ ಕೂಡಲೇ ಒಂದು ಕಲ್ಲು ಇಡು. ‘ಮುಗಿ’ ಎಂದು ಓದಿದರೆ ಕೊನೆಗೆ ಇಟ್ಟದ್ದನ್ನು ಎತ್ತು. ‘ಹೊರಗೆ ಬಾ’ ಕಂಡಾಗ ದಂಡೆ ನೋಡು. ಒಂದೂ ಕಲ್ಲಿಲ್ಲದಿದ್ದರೆ ಅಲ್ಲಿಯೇ ನಿಲ್ಲು, ದೀಪ ಹತ್ತಿಸಬೇಡ. ನಾನು ಒಂದು ಮಾತು ಸೇರಿಸಿದೆ. ಖಣಿಯಲ್ಲಿ ಗುರುತಿನ ಕಲ್ಲಿದ್ದ ಹಾಗೆ ಸುತ್ತಿಗೂ ಹೆಸರಿರಲಿ, ಯಾವ ಸುತ್ತಿನಿಂದ ಹೊರಗೆ ಬರಬೇಕೆಂದು ಬರೆಯುವವನು ಹೆಸರು ಹಿಡಿದು ಹೇಳಲಿ. ಇದ್ದಿದ್ದರೆ ನಾನು ಆ ಬೆಳಿಗ್ಗೆ ‘ಕಲ್ಲಿನ ಸುತ್ತಿನಿಂದ ಹೊರಗೆ ಬಾ’ ಎಂದು ಬರೆಯುತ್ತಿದ್ದೆ. ಆ ಹೆಸರಿನ ಕಲ್ಲು ದಂಡೆಯ ಮೇಲೆ ಇಲ್ಲವೆಂದು ಕಂಪೈಲರ್ ಅಲ್ಲಿಯೇ ನನ್ನ ಕೈ ಹಿಡಿಯುತ್ತಿತ್ತು. ವಸುಧಾಬಾಯಿ, “ಇದು ನನಗ ಹೊಳಿಬೇಕಿತ್ತು,” ಎಂದರು. ಆ ಮಾತನ್ನು ನಾನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಒಂದು ಸಲ ನಾನು ಅವರ ಜೊತೆ ವಾದಕ್ಕೂ ಬಿದ್ದೆ. ಬೇರೆಯಾಗಿ ಬರೆದಿಟ್ಟ ಒಂದು ಸಣ್ಣ ಕೆಲಸವನ್ನು ಸುತ್ತಿನ ಒಳಗಿನಿಂದ ಕರೆದಾಗ, ಆ ಕೆಲಸದೊಳಗೆ ‘ಹೊರಗೆ ಬಾ’ ಎಂದು ಬರೆದರೆ ನಡೆಯಬೇಕು ಎಂಬುದು ನನ್ನ ವಾದ. ಕರೆದದ್ದು ಸುತ್ತಿನ ಒಳಗಿನಿಂದಲೇ ಅಲ್ಲವೆ? ಅವರು ಒಪ್ಪಲಿಲ್ಲ. ಮಾಣಿಕಪ್ಪ ನಡುವೆ ಬಾಯಿ ಹಾಕಿದ: “ಭಂಕೂರದ ದಂಡಿ ಮ್ಯಾಲ ಕಲ್ಲಿಟ್ಟು ಶಹಾಬಾದಿನ ಖಣಿಗಿ ಇಳದ್ರ ಅಲ್ಲಿ ಮೇಸ್ತ್ರಿಗಿ ಹ್ಯಾಂಗ ಗೊತ್ತಾಗಬೇಕೋ ಭೀಮಣ್ಣ? ಖಣಿ ಬ್ಯಾರೆ, ಕಲ್ಲ ಬ್ಯಾರೆ.” ನಾನು ವಾದ ಕೈಬಿಟ್ಟೆ.

ಆಮೇಲೆ ಮಾಣಿಕಪ್ಪನಿಗೆ ಒಂದು ವಿಚಿತ್ರ ಕೆಲಸ ಸಿಕ್ಕಿತು. ಬೇಕೆಂದೇ ತಪ್ಪು ಸಾಲುಗಳನ್ನು ಬರೆದು ಕಂಪೈಲರನ್ನು ಮೋಸ ಮಾಡಲು ನೋಡುವುದು. ಓದು ಬರಹ ಕಡಿಮೆ ಇದ್ದರೂ ಅವನ ತಲೆ ಅದರಲ್ಲಿ ಓಡಿದ ಹಾಗೆ ನಮ್ಮಿಬ್ಬರದೂ ಓಡಲಿಲ್ಲ. ‘ಹೊರಗೆ ಬಾ’ ಎಂದ ಮೇಲೆ ಅದೇ ಸುತ್ತಿನಲ್ಲಿ ಇನ್ನೊಂದು ಸಾಲು ಬರೆದ. ಎಂದೂ ನಡೆಯದ ಸಾಲು ಅದು. ಕಂಪೈಲರ್ ಸುಮ್ಮನೆ ಒಪ್ಪಿಕೊಂಡಿತು. “ಬಾಯಿಯವರೆ, ಸಿಕ್ಕಿತ್ರಿ!” ಎಂದು ಕೂಗಿದ. ಹೊರಬರುವ ದಾರಿಯೇ ಇಲ್ಲದ ಸುತ್ತು ಬರೆದ. ಅದನ್ನೂ ಒಪ್ಪಿಕೊಂಡಿತ್ತು. ಅವನು ಒಂದೊಂದು ತೂತು ತೋರಿಸಿದಂತೆ ವಸುಧಾಬಾಯಿ ಒಂದೊಂದನ್ನು ಮುಚ್ಚುತ್ತ ಬಂದರು. ನಿಂಗಮ್ಮ ಬಕೀಟು ಹಿಡಿದು ಹೋಗುವಾಗ, “ಒಬ್ಬ ತಪ್ಪು ಮಾಡಿ ಮುಚ್ಚಿಟ್ಟ, ಇನ್ನೊಬ್ಬ ಹುಡುಕಿ ಹುಡುಕಿ ಮಾಡ್ಲಿಕತ್ಯಾನ. ಕಲ್ಲ ಮಾತ್ರ ನಾ ತೊಳಿಬೇಕು,” ಎಂದಳು.

ತಪ್ಪು ಸಿಕ್ಕಾಗ ಪರದೆಯ ಮೇಲೆ ಏನು ಬರೆಯಬೇಕು ಎಂಬುದೂ ಒಂದು ದೊಡ್ಡ ಮಾತಾಯಿತು. ಮೊದಲು ‘ಅಮಾನ್ಯ ನಿಯಂತ್ರಣ ಹೇಳಿಕೆ’ ಎಂದು ಬರುತ್ತಿತ್ತು. ಮಾಣಿಕಪ್ಪ ಅದನ್ನು ಅಕ್ಷರ ಅಕ್ಷರ ಓದಿ, “ಇದು ಕೋರ್ಟಿನ್ಯಾಗಿಂದ ಬಂದಂಗ ಅದರಿ. ನಾ ಏನ ಮಾಡಬೇಕು, ವಕೀಲರ ಕಡಿ ಹೋಗ್ಲಾ?” ಎಂದ. ಅದನ್ನು ತಿದ್ದಿದ್ದು ನಾನು. ಹೈಸ್ಕೂಲಿನಲ್ಲಿ ಕಲಿತ ಕನ್ನಡ ಅಂದು ಕೆಲಸಕ್ಕೆ ಬಂತು. ‘ಹದಿನಾಲ್ಕನೇ ಸಾಲಿನಲ್ಲಿ ಹೊರಗೆ ಬಾ ಎಂದಿದ್ದೀರಿ. ಅಲ್ಲಿ ನೀವು ಯಾವ ಸುತ್ತಿನ ಒಳಗೂ ಇಲ್ಲ. ಕೊನೆಯ ಸುತ್ತು ಹನ್ನೆರಡನೇ ಸಾಲಿನಲ್ಲಿ ಮುಗಿದಿದೆ. ಸಾಲಿನ ಜಾಗ ನೋಡಿ.’ ಬೈಯುವುದಿಲ್ಲ, ಹೆದರಿಸುವುದಿಲ್ಲ. ಎಲ್ಲಿ, ಏನು, ಯಾಕೆ ಎಂದಷ್ಟೇ ಹೇಳುತ್ತದೆ. ಇಂದು ಚಿತ್ತಾಪುರ, ಸೇಡಂ, ವಾಡಿಯ ಸುತ್ತಿನ ಕೆಲವು ಪಾಲಿಶ್ ಶೆಡ್ಡುಗಳಲ್ಲಿ ಆ ಡಬ್ಬಿಗಳಿವೆ. ತಪ್ಪು ಮಾಡಿದ ಯಾರಿಗೋ ನನ್ನ ಆ ನಾಲ್ಕು ವಾಕ್ಯ ಎದುರಾಗುತ್ತವೆ, ಅವರ ಕಲ್ಲು ಉಳಿಯುತ್ತದೆ. ನನ್ನ ಜೀವನದಲ್ಲಿ ನಾನು ಬರೆದದ್ದರಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ಮಳೆ ಹಿಂದೆಗೆದಾಗ ಹಾಸ್ಟೆಲಿಗೆ ಬೇರೆ ಕಲ್ಲುಗಳನ್ನು ತಂದು ಪಾಲಿಶ್ ಮಾಡಿ ಕಳಿಸಿದೆವು. ಮಿಷನ್ನಿನ ಮೇಲೆ ಮಾಣಿಕಪ್ಪ, ಲಾರಿಗೆ ಏರಿಸಿದವನು ನಾನು. ಅವನು ನನ್ನ ಜೊತೆ ಕೆಲಸದ ಮಾತು ಆಡುತ್ತಿದ್ದ, ತಮಾಷೆಯನ್ನೂ ಮಾಡುತ್ತಿದ್ದ. ಆದರೆ ಚಹಾಕ್ಕೆ ಮಾತ್ರ ಒಬ್ಬನೇ ಹೋಗುತ್ತಿದ್ದ. ನಾನು ಕರೆಯಲಿಲ್ಲ. ಕರೆಯುವ ಮುಖ ನನಗಿರಲಿಲ್ಲ.

ದೀಪಾವಳಿಗೆ ಮೊದಲು ವಸುಧಾಬಾಯಿ ನಮ್ಮಿಬ್ಬರನ್ನೂ ಸೇಡಂಗೆ ತಮ್ಮ ಕ್ಲಾಸಿಗೆ ಕರೆಸಿಕೊಂಡರು. ಕಂಪೈಲರಿನಲ್ಲಿ ಏನಾದರೂ ಬದಲು ಮಾಡಿದಾಗಲೆಲ್ಲ, ಹಿಂದೆ ಸಿಕ್ಕ ತಪ್ಪುಗಳನ್ನೆಲ್ಲ ಅದರ ಮುಂದೆ ಮತ್ತೆ ಒಡ್ಡುತ್ತಾರಂತೆ. ಎಲ್ಲವನ್ನೂ ಅದು ಹಿಡಿದರೆ ಮಾತ್ರ ಬದಲಾವಣೆ ಒಪ್ಪಿಗೆ. ಆ ತಪ್ಪುಗಳ ಪಟ್ಟಿಯಲ್ಲಿ ಮೊದಲನೆಯದು ನನ್ನ ಮಂಗಳವಾರದ ಬರಹ. ಅದಕ್ಕೆ ನನ್ನ ಹೆಸರನ್ನೇ ಇಡಿ ಎಂದು ನಾನೇ ಕೇಳಿಕೊಂಡಿದ್ದೆ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ‘ಭೀಮರಾಯ’ ಎಂದು ಬಂತು. ಕಂಪೈಲರ್ ಅದನ್ನು ಓದಿತು. ಹಸಿರು ದೀಪ ಹತ್ತಲಿಲ್ಲ. ನನ್ನ ನಾಲ್ಕು ವಾಕ್ಯ ಮೂಡಿದವು. ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು, ಮಾಡಿದ್ದನ್ನೂ ಮುಚ್ಚಿಟ್ಟದ್ದನ್ನೂ ಅವರೆದುರು ಹೇಳಿದೆ. ಯಾರ ಮೇಲೆ ಹಾಕಿದೆ ಎಂಬ ಹೆಸರನ್ನು ಮಾತ್ರ ಹೇಳಲಿಲ್ಲ.

ಮುಂದಿನ ಬೆಂಚಿನ ಒಬ್ಬ ಹುಡುಗಿ ಕೇಳಿದಳು, “ಅವತ್ತ ಮಿಷನ್ ಮ್ಯಾಲ ಯಾರಿದ್ರಿ?”

ವಸುಧಾಬಾಯಿ ನನ್ನನ್ನು ನೋಡಿದರು. ನನ್ನ ಪಕ್ಕದ ಕುರ್ಚಿ ಸದ್ದು ಮಾಡಿತು. ಮಾಣಿಕಪ್ಪ ಎದ್ದಿದ್ದ. ಅಷ್ಟು ಜನರ ಎದುರು ಅವನು ಅದಕ್ಕೆ ಮೊದಲು ಮಾತಾಡಿದ್ದೇ ಇಲ್ಲ.

“ನಾ ಇದ್ದೆ,” ಎಂದ. “ಕೊಡ್ಲಿ ಮಾಣಿಕಪ್ಪ. ಜಾಳಿಗಿ ಕಟ್ಟಿತ್ತು, ತೆಗಿಲಿಕ್ಕ ಹೋಗಿದ್ದೆ. ಹೋಗೋ ಮುಂದ ಸ್ವಿಚ್ಚಿಗಿ ನಾ ಕೈ ಹಚ್ಚಿದ್ದಿಲ್ಲ.” ಬಲಗೈ ಎತ್ತಿ ತೋರಿಸಿದ. ಆಮೇಲೆ ನನ್ನ ಕಡೆ ತಿರುಗಿದ. “ಹೌದಿಲ್ಲೋ ಭೀಮಣ್ಣ?”

“ಹೌದು. ಹಚ್ಚಿದ್ದಿಲ್ಲ,” ಎಂದೆ. ಹಿಂದಿನ ಬೆಂಚಿನವರಿಗೂ ಕೇಳುವಂತೆ ಹೇಳಿದೆ.